ಇಸ್ನೋಫೀಲಿಯಾ ಅನ್ನೋದು ಕಾಯಿಲೆಯ ಹೆಸರಲ್ಲ

ನಮಸ್ಕಾರ. "ನನಗೆ ಆಸ್ತಮಾ ಗೀಸ್ತಮಾ ಏನಿಲ್ಲ ಮೇಡಂ, ಬರೀ ಇಸ್ನೋಫೀಲಿಯಾ." ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ನಾನು 14 ವರ್ಷದಿಂದ ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ತೋಳು ಚಾಚಿ ಕೂತವರ ಬಾಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಇದನ್ನು ಕೇಳುತ್ತೇನೆ. ಹೇಳುವಾಗ ಅವರ ದನಿಯಲ್ಲಿ ಒಂದು ನೆಮ್ಮದಿ ಇರುತ್ತದೆ. ಆಸ್ತಮಾ ಅಂದರೆ ಜೀವನಪೂರ್ತಿ ಕಾಯಿಲೆ, ಪಂಪ್ ಹಿಡಿಯಬೇಕು, ಮಗಳಿಗೆ ಇದೆ ಅಂತ ಗೊತ್ತಾದರೆ ಗಂಡಿನ ಕಡೆಯವರು ವಾಪಸ್ ಹೋಗುತ್ತಾರೆ. ಇಸ್ನೋಫೀಲಿಯಾ ಅಂದರೆ ಅಷ್ಟೆಲ್ಲ ಇಲ್ಲ, ಒಂದು ಕೋರ್ಸ್ ಮಾತ್ರೆ ನುಂಗಿದರೆ ಆಯಿತು. ನಮ್ಮ ಮನೆಗಳಲ್ಲಿ ಈ ಪದ ನಿಂತಿರುವುದೇ ಹೀಗೆ.

ನಾನು ಡಾಕ್ಟರ್ ಅಲ್ಲ. ಔಷಧಿ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಆ ಸಂಖ್ಯೆ ಹುಟ್ಟುವುದು ನನ್ನ ಟೇಬಲ್ ಮೇಲೆ. ಅದಕ್ಕೇ ಹೇಳುತ್ತಿದ್ದೇನೆ, ಇಸ್ನೋಫೀಲಿಯಾ ಕಾಯಿಲೆ ಅಲ್ಲ, ಅದೊಂದು ಲೆಕ್ಕ. ರಕ್ತದಲ್ಲಿ ಒಂದು ಜಾತಿಯ ಬಿಳಿಕಣ ಜಾಸ್ತಿ ಇದೆ ಅನ್ನುವ ಲೆಕ್ಕ, ಅಷ್ಟೇ. ಯಾಕೆ ಜಾಸ್ತಿ ಆಯಿತು ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಯಾರೂ ಕೇಳದೆ ವರ್ಷಗಟ್ಟಲೆ ಕಳೆದುಬಿಡುತ್ತೇವೆ.

ಕಣ ಹೇಗಿರುತ್ತದೆ ಗೊತ್ತಾ? ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಾಕಿ, ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇವೆ. ಉಳಿದ ಬಿಳಿಕಣಗಳ ಮಧ್ಯೆ ಇದು ತಟ್ಟನೆ ಕಾಣುತ್ತದೆ. ಒಳಗೆ ಕನ್ನಡಕದ ಹಾಗೆ ಎರಡು ಹೋಳು, ಸುತ್ತಲೂ ಕೇಸರಿಬಾತಿನ ರವೆ ಹಾಗೆ ಕಿತ್ತಳೆ ಬಣ್ಣದ ಕಾಳು. ಇಯೋಸಿನ್ ಅನ್ನುವ ಬಣ್ಣವನ್ನು ಹೀರಿಕೊಳ್ಳುತ್ತದೆ ಅಂತ 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇದಕ್ಕೆ ಇಯೋಸಿನೋಫಿಲ್ ಅಂತ ಹೆಸರಿಟ್ಟರು. ಇದು ಜಾಸ್ತಿಯಾದರೆ ಇಯೋಸಿನೋಫಿಲಿಯಾ, ನಮ್ಮ ಬಾಯಲ್ಲಿ ಇಸ್ನೋಫೀಲಿಯಾ. ಆ ಕಿತ್ತಳೆ ಕಾಳುಗಳಲ್ಲಿ ಇರುವುದು ಹುಳುಗಳನ್ನು ಕೊಲ್ಲುವ ವಿಷ. ಅದೇ ವಿಷ ಶ್ವಾಸನಾಳದೊಳಗೆ ಸುರಿದರೆ ನಮ್ಮದೇ ಒಳಪದರ ಸುಟ್ಟು ಊದಿಕೊಳ್ಳುತ್ತದೆ. ಅಲರ್ಜಿಯ ಆಸ್ತಮಾದಲ್ಲಿ ಆಗುವುದು ಹೆಚ್ಚುಕಡಿಮೆ ಇದೇ.

ಈಗ ನಿಮ್ಮ ರಿಪೋರ್ಟ್ ತೆಗೆಯಿರಿ. ಡಿಸಿ, ಅಂದರೆ ಯಾವ ಜಾತಿಯ ಬಿಳಿಕಣ ಎಷ್ಟು ಅಂತ ಹೇಳುವ ಭಾಗದಲ್ಲಿ, ಇಯೋಸಿನೋಫಿಲ್ ಎದುರು ಶೇಕಡಾ ಲೆಕ್ಕ ಇರುತ್ತದೆ. ಎಲ್ಲರೂ ನೋಡುವುದು ಅದನ್ನೇ. 8 ಇದ್ದರೆ ಗಾಬರಿ, 4 ಇದ್ದರೆ ನಿರಾಳ. ಆದರೆ ಒಟ್ಟು ಬಿಳಿಕಣ ಎಷ್ಟು ಅಂತ ನೋಡದೆ ಶೇಕಡಾ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಬ್ಬರಿಗೆ ಒಟ್ಟು ಬಿಳಿಕಣ 5,000, ಅದರಲ್ಲಿ ಶೇ 8 ಅಂದರೆ 400. ಇನ್ನೊಬ್ಬರಿಗೆ ಒಟ್ಟು 14,000, ಶೇ 4 ಅಂದರೆ 560. ಗಾಬರಿಯಾದವರಿಗಿಂತ ನಿರಾಳವಾಗಿ ಮನೆಗೆ ಹೋದವರಿಗೇ ಜಾಸ್ತಿ ಇದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಷ್ಟು ಕಣ ಅನ್ನುವ ಈ ನೇರ ಲೆಕ್ಕಕ್ಕೆ ಎಇಸಿ ಅನ್ನುತ್ತಾರೆ. ಸಾಮಾನ್ಯವಾಗಿ 500ರ ಒಳಗೆ ಇರಬೇಕು. ಇನ್ನೊಂದು ವಿಷಯ. ಕೈಯಲ್ಲಿ ಎಣಿಸುವಾಗ ನಾವು ನೋಡುವುದು ಬರೀ 100 ಕಣ. ಅದರಲ್ಲಿ 4 ಸಿಕ್ಕಿತು ಅಂತ ಇಟ್ಟುಕೊಳ್ಳಿ, ಅದೇ ಸ್ಲೈಡಿನಲ್ಲಿ ಇನ್ನೊಂದು 100 ಎಣಿಸಿದರೆ 2 ಬರಬಹುದು, 7 ಬರಬಹುದು. ಒಂದೇ ಒಂದು ಸಲದ ಲೆಕ್ಕ ಹಿಡಿದುಕೊಂಡು ತೀರ್ಮಾನ ಮಾಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಸರಿ, ಈ ಲೆಕ್ಕಕ್ಕೆ ಕಾಯಿಲೆಯ ಹೆಸರು ಬಂದಿದ್ದಾದರೂ ಹೇಗೆ? ಅದರ ಹಿಂದೆ ನಿಜವಾದ ಒಂದು ಕಾಯಿಲೆ ಇದೆ, ಅದೂ ನಮ್ಮ ಪಕ್ಕದಲ್ಲೇ ಗುರುತಾದದ್ದು. ಕೋಲಾರ ಜಿಲ್ಲೆ ದಾಟಿ ಆಂಧ್ರಕ್ಕೆ ಹೋದರೆ ಮದನಪಲ್ಲೆ, ಅದರ ಹತ್ತಿರ ಆರೋಗ್ಯವರಂ ಟಿಬಿ ಆಸ್ಪತ್ರೆ. ಅಲ್ಲಿ ಫ್ರಿಮೋಟ್ ಮೋಲರ್ ಮತ್ತು ಬಾರ್ಟನ್ ಅನ್ನುವ ಡಾಕ್ಟರುಗಳು ಕೆಲವು ರೋಗಿಗಳನ್ನು ಗಮನಿಸಿದರು. ಎಕ್ಸ್‌ರೇ ನೋಡಿದರೆ ಟಿಬಿ ತರಹ ಚುಕ್ಕಿ ಚುಕ್ಕಿ, ಕಫದಲ್ಲಿ ಮಾತ್ರ ಟಿಬಿ ಕ್ರಿಮಿ ಇಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ವಿಪರೀತ. ಅವರು ಇದನ್ನು ಬರೆದು ಪ್ರಕಟಿಸಿದ್ದು 1940ರಲ್ಲಿ. 1943ರಲ್ಲಿ ವೈನ್‌ಗಾರ್ಟನ್ ಅನ್ನುವವರು ಇದಕ್ಕೆ ಟ್ರಾಪಿಕಲ್ ಇಯೋಸಿನೋಫಿಲಿಯಾ ಅಂತ ಹೆಸರಿಟ್ಟರು. ಕಾರಣ ಆಮೇಲೆ ತಿಳಿಯಿತು. ಆನೆಕಾಲು ರೋಗದ ಹುಳುವಿನ ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡಾಗ ಕೆಲವರ ದೇಹ ಅದರ ಮೇಲೆ ಮುಗಿಬೀಳುತ್ತದೆ. ರಾತ್ರಿಯೆಲ್ಲ ಒಣಕೆಮ್ಮು, ಉಬ್ಬಸ. ಎಇಸಿ ಸಾಮಾನ್ಯವಾಗಿ 3,000 ದಾಟಿರುತ್ತದೆ. ಡಿಇಸಿ ಮಾತ್ರೆ, ಅಂದರೆ ಬಹಳ ಜನ ಬ್ಯಾನೋಸೈಡ್ ಅಂತ ಕರೆಯುವ ಮಾತ್ರೆ, ಮೂರು ವಾರ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕರಾವಳಿಯಲ್ಲಿ, ಕಲಬುರಗಿ, ರಾಯಚೂರು, ಬೀದರ್ ಕಡೆ ಆನೆಕಾಲು ರೋಗ ಇದ್ದೇ ಇತ್ತು, ಹಾಗಾಗಿ ನಮ್ಮ ಹಳೆಯ ಡಾಕ್ಟರುಗಳು ಇದನ್ನು ಅನುಮಾನಿಸಿದ್ದರಲ್ಲಿ ತಪ್ಪೇನಿಲ್ಲ.

ತಪ್ಪಾಗಿದ್ದು ಆಮೇಲೆ. 3,000 ದಾಟಿದವರ ಮಾತ್ರೆ 600 ಇದ್ದವರಿಗೂ ಬಂತು.

ನಮ್ಮ ಅಮ್ಮನಿಗೆ ಹೀಗೇ ಆಯಿತು. ಬೆಳಗಿನ ಜಾವ ಮೂರು ಗಂಟೆಗೆ ಕೆಮ್ಮು ಶುರು. ಮಂಚದ ಅಂಚು ಎರಡು ಕೈಯಲ್ಲಿ ಹಿಡಿದು, ಹೆಗಲು ಮೇಲೆತ್ತಿ, ಬಾಗಿ ಕೂತಿರುತ್ತಿದ್ದರು. ಎದೆಯೊಳಗಿಂದ ಬರುವ ಸುಯ್ ಅನ್ನುವ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. 11 ವರ್ಷದಲ್ಲಿ ನಾಲ್ಕು ಸಲ ಬ್ಯಾನೋಸೈಡ್ ಕೋರ್ಸ್ ಆಯಿತು. ಒಂದು ಸಲವೂ ಯಾರೂ ಊದುವ ಪರೀಕ್ಷೆ ಮಾಡಿಸಲಿಲ್ಲ. ಒಂದು ಸಲ ಸ್ಲೈಡ್ ನೋಡಿದ್ದು ನಾನೇ. 640 ಬಂತು. ನಾನೂ ಮನೆಗೆ ಬಂದು ಹೇಳಿದ್ದು ಏನು? "ಅಮ್ಮಾ, ಮತ್ತೆ ಇಸ್ನೋಫೀಲಿಯಾ ಬಂದಿದೆ." ಆ ಮಾತು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ಎದೆಯ ಕಾಯಿಲೆ ನೋಡುವ ಒಬ್ಬರು ಡಾಕ್ಟರ್ ಸ್ಪೈರೋಮೆಟ್ರಿ ಮಾಡಿಸಿದರು. ಒಂದು ಸಲ ಊದಿಸಿ, ಶ್ವಾಸನಾಳ ಸಡಿಲ ಮಾಡುವ ಔಷಧಿ ಎಳೆದುಕೊಳ್ಳಲು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದರು. ಎರಡನೇ ಸಲ ಗಾಳಿ ಎಷ್ಟೋ ಜಾಸ್ತಿ ಬಂತು. ಆಸ್ತಮಾ. ಸ್ಟೀರಾಯ್ಡ್ ಇನ್ಹೇಲರ್ ಶುರುವಾದ ಕೆಲವು ವಾರಕ್ಕೆ ಅಮ್ಮ ರಾತ್ರಿ ಮಲಗಿ ನಿದ್ದೆ ಮಾಡಿದರು.

ಜಗತ್ತಿನ ಆಸ್ತಮಾ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು ಭಾರತದಲ್ಲೇ ಆಗುತ್ತವೆ ಅಂತ 2019ರ ಜಾಗತಿಕ ರೋಗಭಾರದ ಅಂದಾಜು ಹೇಳುತ್ತದೆ. ಇನ್ಹೇಲರಿಗೆ ಹೆದರುವುದು, ಕಾಯಿಲೆಗೆ ಬೇರೆ ಹೆಸರಿಡುವುದು, ಊದುವ ಪರೀಕ್ಷೆ ಮಾಡದೇ ಇರುವುದು, ಇವೆಲ್ಲ ಅದರ ಹಿಂದೆ ಇವೆ ಅಂತ ನಾನು ನಂಬುತ್ತೇನೆ.

ಹಾಗಂತ ಈ ರಕ್ತದ ಲೆಕ್ಕವೇ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಇಷ್ಟು ಕಡಿಮೆ ದುಡ್ಡಿಗೆ ಶ್ವಾಸಕೋಶದ ಬಗ್ಗೆ ಇಷ್ಟು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ದೇಹದಲ್ಲಿ ಉರಿಯೂತ ಇದೆಯಾ ಅಂತ ನೋಡುವ ಇಎಸ್‌ಆರ್ ಪರೀಕ್ಷೆ ಇದೆ, ಆದರೆ ಅದು ರಕ್ತಹೀನತೆಗೂ ಏರುತ್ತದೆ, ವಯಸ್ಸಾದರೂ ಏರುತ್ತದೆ. ಇಯೋಸಿನೋಫಿಲ್ ಹಾಗಲ್ಲ, ಯಾವ ಔಷಧಿ ಕೆಲಸ ಮಾಡಬಹುದು ಅಂತ ದಾರಿ ತೋರಿಸುತ್ತದೆ. ಬೀಡಿ ಹೊಗೆಯಿಂದ, ಸೌದೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿಯೇ ಉಳಿದುಬಿಡುವ ಕಾಯಿಲೆ, ಗೊತ್ತಲ್ಲ? ಅದರಲ್ಲಿ ಪದೇ ಪದೇ ಉಸಿರಾಟ ಕೆಡುವವರಿಗೆ ಸ್ಟೀರಾಯ್ಡ್ ಇನ್ಹೇಲರ್ ಸೇರಿಸಬೇಕಾ ಬೇಡವಾ ಅನ್ನುವುದು ದೊಡ್ಡ ಪ್ರಶ್ನೆ, ಯಾಕೆಂದರೆ ಸಿಒಪಿಡಿ ಇರುವವರಿಗೆ ಅದರಿಂದ ನ್ಯುಮೋನಿಯಾ ಬರುವ ಸಾಧ್ಯತೆ ಜಾಸ್ತಿ. ಗೋಲ್ಡ್ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಇದಕ್ಕೆ ಇದೇ ಲೆಕ್ಕ ಬಳಸುತ್ತಿದೆ. 300 ಅಥವಾ ಹೆಚ್ಚಿದ್ದರೆ ಲಾಭ ಆಗುವ ಸಾಧ್ಯತೆ ಚೆನ್ನಾಗಿದೆ, 100ಕ್ಕಿಂತ ಕಡಿಮೆ ಇದ್ದರೆ ಬೇಡ, ನಡುವೆ ಇದ್ದರೆ ಯೋಚಿಸಿ ಕೊಡಿ. ತೀವ್ರ ಆಸ್ತಮಾಕ್ಕೆ ಕೊಡುವ ಮೆಪೊಲಿಜುಮ್ಯಾಬ್ ತರಹದ ದುಬಾರಿ ಇಂಜೆಕ್ಷನ್ ಯಾರಿಗೆ ಅಂತ ಆರಿಸುವುದೂ ಇದನ್ನು ನೋಡಿಯೇ.

ನಮ್ಮಲ್ಲಿ ಇನ್ನೊಂದು ತೊಡಕು ಇದೆ. ಹೊಟ್ಟೆಹುಳು ಇದ್ದರೂ ಈ ಕಣ ಏರುತ್ತದೆ. ಬರಿಗಾಲಲ್ಲಿ ಗದ್ದೆ ತೋಟದಲ್ಲಿ ಓಡಾಡುವವರಿಗೆ ಚರ್ಮದ ಮೂಲಕವೇ ಹುಳು ಸೇರುತ್ತದೆ. ಅದರಲ್ಲಿ ಸ್ಟ್ರಾಂಗಿಲಾಯ್ಡಿಸ್ ಅನ್ನುವ ಹುಳು ಇರುವವರಿಗೆ ಗೊತ್ತಿಲ್ಲದೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅದು ಮೈತುಂಬ ಹರಡಿ ಜೀವಕ್ಕೇ ಅಪಾಯ. ಇನ್ನು ಲೆಕ್ಕ ಕಡಿಮೆ ಇದೆ ಅಂದ ಮಾತ್ರಕ್ಕೆ ಆಸ್ತಮಾ ಇಲ್ಲ ಅಂತಲೂ ಅಲ್ಲ. ಇಯೋಸಿನೋಫಿಲ್ ಏರದ ಆಸ್ತಮಾವೂ ಇದೆ.

ಎಲ್ಲಕ್ಕಿಂತ ಜಾಸ್ತಿ ಎಡವುವುದು ರಕ್ತ ತೆಗೆದ ಸಮಯದಲ್ಲಿ. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಈ ಕಣ ಗಂಟೆಗಳಲ್ಲೇ ರಕ್ತದಿಂದ ಮಾಯವಾಗತೊಡಗುತ್ತದೆ. ನಮ್ಮ ದೊಡ್ಡಮ್ಮ 40 ವರ್ಷ ಸೌದೆ ಒಲೆಯ ಮುಂದೆ ಕೂತವರು. ಸಿಒಪಿಡಿ ಇದೆ. ಹೋದ ವರ್ಷ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಮೂರನೇ ದಿನ ರಕ್ತ ತೆಗೆದರು, ಎಇಸಿ 30 ಬಂತು. ಆ ಒಂದು ಕಾಗದ ನೋಡಿದರೆ ಸ್ಟೀರಾಯ್ಡ್ ಇನ್ಹೇಲರ್ ಬೇಡ ಅನ್ನಬೇಕು. ಆದರೆ ದೊಡ್ಡಮ್ಮ ಸೀರೆ ಅಂಗಡಿಯ ಒಂದು ಕವರಿನಲ್ಲಿ ಹಳೆಯ ರಿಪೋರ್ಟ್ ಎಲ್ಲ ಇಟ್ಟಿದ್ದರು. ಡಾಕ್ಟರ್ ಅದನ್ನು ಟೇಬಲ್ ಮೇಲೆ ಸುರಿದು ತಾರೀಖಿನ ಪ್ರಕಾರ ಜೋಡಿಸಿದರು. 380, 410, ಆಮೇಲೆ ಈ 30. "ಇದು ತೆಗೆಯೋಕೆ ಮುಂಚೆ ಮಾತ್ರೆ ಶುರು ಆಗಿತ್ತಾ?" ಅಂತ ಕೇಳಿದರು. ಎರಡು ದಿನದ ಹಿಂದೆಯೇ ಆಗಿತ್ತು. ಅವರು 410ಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಇನ್ಹೇಲರ್ ಬರೆದುಕೊಟ್ಟರು.

ಆ ಕವರ್ ಈಗಲೂ ಅಲ್ಮೇರಾದಲ್ಲಿ ಇದೆ. ಹೊಸ ರಿಪೋರ್ಟ್ ಬಂದಾಗಲೆಲ್ಲ ಮೇಲಿನ ಮೂಲೆಯಲ್ಲಿ ನಾನು ಎರಡು ಸಾಲು ಬರೆದಿಡುತ್ತೇನೆ. ಆವತ್ತು ದೊಡ್ಡಮ್ಮ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ.