ಬೇಸಿಗೆಯಲ್ಲಿ ಒಣಗಿದ ಹಾವಸೆಗೆ ನೀರು ಚಿಮುಕಿಸಬೇಡಿ

ಈ ಬಂಡೆ ಮೇಲಿನ ಹಾವಸೆ ನೋಡಿ. ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಪುಡಿಯಾಗುತ್ತದೆ. ಪಾಪ ಅನ್ನಿಸಿ ನೀರು ಚಿಮುಕಿಸೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ.

ಹಾವಸೆಗೆ ನಿಜವಾದ ಬೇರಿಲ್ಲ. ನೀರನ್ನು ಹೆಚ್ಚಾಗಿ ಎಲೆಯಿಂದಲೇ ಹೀರಿಕೊಳ್ಳುತ್ತದೆ, ಆ ಎಲೆಯೋ ಬಹಳಷ್ಟು ಜಾತಿಗಳಲ್ಲಿ ಒಂದೇ ಒಂದು ಜೀವಕೋಶದಷ್ಟು ದಪ್ಪ, ಹಾಗಾಗಿ ಸುತ್ತಲಿನ ಗಾಳಿ ಒಣಗಿದರೆ ಇದೂ ಒಣಗಿ ಕೆಲಸವೆಲ್ಲ ನಿಲ್ಲಿಸಿ ಸುಮ್ನೆ ಇದ್ದುಬಿಡುತ್ತದೆ. ಒಣಗಿರುವಾಗ ಬಿಸಿ ತಡೆಯುವ ಶಕ್ತಿಯೂ ಜಾಸ್ತಿ.

ತೊಂದರೆ ಇರುವುದು ಬಿಸಿ ಮತ್ತು ನೀರು ಒಟ್ಟಿಗೆ ಬಂದಾಗ. ಅನೇಕ ಹಾವಸೆಗಳಿಗೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಹಿತ. ಅದಕ್ಕಿಂತ ತುಂಬಾ ಮೇಲೆ ಹೋದರೆ ತಯಾರಿಸುವ ಆಹಾರಕ್ಕಿಂತ ಉಸಿರಾಟಕ್ಕೆ ಖರ್ಚಾಗುವುದೇ ಹೆಚ್ಚು. ಜೊತೆಗೆ, ಒದ್ದೆಯಾದ ಕೂಡಲೇ ಒಣಗಿದಾಗ ಆದ ಹಾನಿಯನ್ನು ಸರಿಪಡಿಸಿಕೊಳ್ಳಬೇಕು, ಅದಕ್ಕೂ ಕೂಡಿಟ್ಟ ಆಹಾರವೇ ಬೇಕು, ಅಷ್ಟರಲ್ಲಿ ನೀರು ಆರಿಹೋದರೆ ಗಳಿಸಿದ್ದು ಏನೂ ಇಲ್ಲ. ಅಮೆರಿಕದ ಕೊಲೊರಾಡೊ ಪ್ರಸ್ಥಭೂಮಿಯಲ್ಲಿ ಬೇಸಿಗೆಯಲ್ಲಿ ಪದೇ ಪದೇ ಸ್ವಲ್ಪ ಸ್ವಲ್ಪ ನೀರು ಕೊಟ್ಟು ನೋಡಿದಾಗ ಅಲ್ಲಿನ ಹಾವಸೆ ಬೇಗನೆ ಸತ್ತುಹೋಯಿತು. ನನ್ನನ್ನು ತುಂಬಾ ಕಾಡಿದ ಪ್ರಯೋಗ ಇದು.

ಈಗ ನನಗೆ ಬಹಳ ಇಷ್ಟವಾದ ಭಾಗ, ಹಾವಸೆ ಸಂತಾನ ಬೆಳೆಸುವ ಬಗೆ. ಗಂಡು ಜೀವಕೋಶ ಹೆಣ್ಣು ಜೀವಕೋಶವನ್ನು ಸೇರಬೇಕಾದರೆ ನೀರಿನ ಪದರದಲ್ಲಿ ಈಜಬೇಕು. ನೀರಿಲ್ಲದಿದ್ದರೆ ಆ ದಾರಿ ಮುಚ್ಚಿದ ಹಾಗೆ. ಆದರೆ ಒಣಗಿ ಮುರಿದ ಎಲೆ ಚೂರು, ಕಾಂಡದ ತುಂಡು ಗಾಳಿಯಲ್ಲಿ ಹಾರಿ ಎಲ್ಲೋ ಬಿದ್ದು, ತಂಪು ಬಂದಾಗ ಹಸಿರು ಎಳೆ ಬಿಟ್ಟು ಹೊಸ ಗಿಡವಾಗಬಲ್ಲದು. ಟೆಟ್ರಾಫಿಸ್ ಎಂಬ ಹಾವಸೆಯಂತೂ ಕಾಂಡದ ತುದಿಯಲ್ಲಿ ಪುಟ್ಟ ಬಟ್ಟಲು ಕಟ್ಟಿ ಅದರಲ್ಲಿ ಜೆಮ್ಮಾ ಎಂಬ ಹಸಿರು ಬಿಲ್ಲೆಗಳನ್ನು ಇಡುತ್ತದೆ, ಮಳೆಹನಿ ಬಿದ್ದರೆ ಅವು ಚಿಮ್ಮಿ ಆಚೆ ಹೋಗಿ ಬೆಳೆಯುತ್ತವೆ.

ಋತು ಬದಲಾದದ್ದು ಹಾವಸೆಗೆ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ಫಿಸ್ಕೊಮಿಟ್ರಿಯಂ ಪೇಟೆನ್ಸ್ ಎಂಬ ಹಾವಸೆ 25 ಡಿಗ್ರಿ, ಉದ್ದ ಹಗಲು ಇದ್ದರೆ ಬೆಳೆಯುತ್ತಲೇ ಹೋಗುತ್ತದೆ. 15 ಡಿಗ್ರಿಗೆ ಇಳಿಸಿ ಹಗಲು ಚಿಕ್ಕದು ಮಾಡಿದರೆ ಗಂಡು, ಹೆಣ್ಣು ಅಂಗಗಳು ಮೂಡುತ್ತವೆ.

ಚಳಿಯನ್ನಂತೂ ಎಷ್ಟು ತಡೆಯುತ್ತದೆ ಅಂದರೆ, ಅಂಟಾರ್ಕ್ಟಿಕದ ಸಿಗ್ನಿ ದ್ವೀಪದಲ್ಲಿ 1,500 ವರ್ಷಕ್ಕೂ ಹೆಚ್ಚು ಕಾಲ ಹೆಪ್ಪುಗಟ್ಟಿದ್ದ ಹಾವಸೆ ಮತ್ತೆ ಚಿಗುರಿದ್ದು 2014ರಲ್ಲಿ ವರದಿಯಾಯಿತು. ಬೀಜಕಗಳಿಂದ (ಬೀಜದ ಕೆಲಸ ಮಾಡುವ ಸಣ್ಣ ಕಣಗಳಿಂದ) ಅಲ್ಲ, ಹಳೆಯ ಕಾಂಡದಿಂದಲೇ ಹೊಸ ಚಿಗುರು!

ನಿಮಗೂ ಹಾವಸೆ ಬೆಳೆಸುವ ಆಸೆ ಇದ್ದರೆ ತಂಪು ಶುರುವಾಗುವವರೆಗೆ ಕಾಯಿರಿ. ಆಮೇಲೆ ಒಣ ಹಾವಸೆಯನ್ನು ಕೈಯಲ್ಲಿ ಪುಡಿ ಮಾಡಿ, ನೆರಳಿನ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಕೆಲವು ವಾರ ತೇವ ಆರದಂತೆ ನೋಡಿಕೊಳ್ಳಿ.