ಗ್ರಾಬೆನ್ ಬೀದಿಯ ಪ್ಲೇಗ್ ಕಂಬ

ಕೇಳುಗರಿಗೆಲ್ಲ ನಮಸ್ಕಾರ. ವಿಯೆನ್ನಾದ ಒಂದನೇ ಜಿಲ್ಲೆ, ಅಂದರೆ ಹಳೇ ಊರಿನ ನಡುಭಾಗದಲ್ಲಿ, ಗ್ರಾಬೆನ್ ಅನ್ನೋ ಅಗಲವಾದ ಬೀದಿಯಿದೆ. ಅದರ ಮಧ್ಯೆ ನಿಂತಿದೆ ಪ್ಲೇಗ್ ಕಂಬ. ಕಂಬ ಅಂತಾರೆ ಅಷ್ಟೇ, ಕಣ್ಣಿಗೆ ಕಾಣೋದು ಕಲ್ಲಿನ ಮೋಡಗಳ ರಾಶಿ, ಅದರ ತುಂಬ ದೇವದೂತರು, ತುದಿಯಲ್ಲಿ ಚಿನ್ನದ ಹೊಳಪು. ಹೋದವರೆಲ್ಲ ತಲೆ ಎತ್ತಿ ಚಿನ್ನ ನೋಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಕೆಳಗೆ ನೋಡಿ. ಕಥೆ ಇರೋದು ಕೆಳಗೆ.

1679ರಲ್ಲಿ ವಿಯೆನ್ನಾಕ್ಕೆ ಪ್ಲೇಗ್ ಬಂತು. ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಒಂದನೇ ಲಿಯೋಪೋಲ್ಡ್ ಊರು ಬಿಟ್ಟ. ರೋಗ ತೊಲಗಿದರೆ ಕಂಬ ನಿಲ್ಲಿಸುತ್ತೇನೆ ಅಂತ ಹರಕೆ ಹೊತ್ತ. ಅದೇ ವರ್ಷ ಮರದ್ದೊಂದು ನಿಂತಿತು. ಆಮೇಲೆ ಅಮೃತಶಿಲೆಯದೇ ಬೇಕು ಅಂತ ರೌಖ್‌ಮಿಲ್ಲರ್ ಅನ್ನೋ ಶಿಲ್ಪಿಗೆ ಕೆಲಸ ಒಪ್ಪಿಸಿದರು. 1683ರಲ್ಲಿ ತುರ್ಕರ ಮುತ್ತಿಗೆ. 1686ರಲ್ಲಿ ಶಿಲ್ಪಿಯೇ ತೀರಿಕೊಂಡ.

ಆಗ ಬಂದ ನೋಡಿ ನನ್ನ ಮೆಚ್ಚಿನ ಮನುಷ್ಯ, ಲೊಡೊವಿಕೊ ಬುರ್ನಾಚಿನಿ! ಇವನು ಅರಮನೆಯ ನಾಟಕಗಳಿಗೆ ರಂಗಸಜ್ಜಿಕೆ ಮಾಡುತ್ತಿದ್ದವನು. ದೇವರು ಮೋಡದ ಮೇಲೆ ಕೂತು ರಂಗಕ್ಕೆ ಇಳಿಯಬೇಕು, ಪ್ರೇಕ್ಷಕರು ಬಾಯಿ ಬಿಟ್ಟುಕೊಂಡು ನೋಡಬೇಕು, ಅದೇ ಅವನ ಕಸುಬು. ಅವನು ಕಟ್ಟಿಸಿದ್ದ ದೊಡ್ಡ ಮರದ ನಾಟಕಶಾಲೆಯನ್ನು ಮುತ್ತಿಗೆಯ ಹೊತ್ತಿನಲ್ಲಿ ಬೆಂಕಿಯ ಭಯಕ್ಕೆ ಕೆಡವಿಹಾಕಿದರು. ನಾಟಕಶಾಲೆ ಹೋಯಿತು, ಮೋಡ ಮಾತ್ರ ಅವನ ತಲೆಯಲ್ಲೇ ಉಳಿದಿತ್ತು. ಬೀದಿಯ ನಡುವೆ ನಿಂತ ಈ ಮೋಡದ ರಾಶಿ ಅವನದೇ ಕಲ್ಪನೆ. ಇದನ್ನು ಬರೀ ಧಾರ್ಮಿಕ ಸ್ಮಾರಕ ಅಂತ ಹೇಳಿ ಮುಗಿಸುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯೋಲ್ಲ. ಇದು ನಾಟಕ ಕಣ್ರೀ, ಕಲ್ಲಿನ ನಾಟಕ!

ನಾಟಕ ಅಂದಮೇಲೆ ಪಾತ್ರಗಳು ಬೇಕಲ್ವಾ? ಅವರೆಲ್ಲ ಕೆಳಗಿದ್ದಾರೆ. ಮಂಡಿಯೂರಿ ಪ್ರಾರ್ಥಿಸುತ್ತಿರುವವನು ಲಿಯೋಪೋಲ್ಡ್. ಹ್ಯಾಬ್ಸ್‌ಬರ್ಗ್ ಮನೆತನದವರಿಗೆ ಇದ್ದ ಆ ಮುಂಚಾಚಿದ ಕೆಳತುಟಿಯನ್ನು ಶಿಲ್ಪಿ ಮುಚ್ಚಿಟ್ಟಿಲ್ಲ. ಅವನ ಕೆಳಗೆ ಶಿಲುಬೆ ಹಿಡಿದ ಹೆಂಗಸು, ಅವಳೇ ಶ್ರದ್ಧೆ, ಅಂದರೆ ದೇವರ ಮೇಲಿನ ನಂಬಿಕೆ. ಅವಳ ಪಕ್ಕದಲ್ಲಿ ಪಂಜು ಹಿಡಿದ ಪುಟ್ಟ ದೇವದೂತ. ಇಬ್ಬರೂ ಸೇರಿ ಒಬ್ಬ ಮುದುಕಿಯನ್ನು ತಲೆಕೆಳಗಾಗಿ ದಬ್ಬುತ್ತಿದ್ದಾರೆ. ಜೋತುಬಿದ್ದ ಮೊಲೆ, ಬತ್ತಿದ ಮೈ. ಆ ಮುದುಕಿಯೇ ಪ್ಲೇಗ್. ಕೆತ್ತಿದವನು ಪೌಲ್ ಸ್ಟ್ರೂಡೆಲ್.

ಸಮಯ ಮುಗೀತಾ ಬಂತು. ಪೀಠದ ಉಬ್ಬುಶಿಲ್ಪಗಳ ಹಿಂದೆ ಫಿಷರ್ ಫಾನ್ ಎರ್ಲಾಖ್ ಇದ್ದಾನೆ. ಮುಂದೆ ಹೆಸರಾಂತ ವಾಸ್ತುಶಿಲ್ಪಿ ಆದವನು. ಪೀಠಕ್ಕೆ ಮೂರು ಮುಖ, ಕ್ರೈಸ್ತರ ದೇವರ ಮೂರು ರೂಪಗಳಾದ ತಂದೆ, ಮಗ, ಪವಿತ್ರಾತ್ಮ ಅಂತ. ಲಿಯೋಪೋಲ್ಡ್ ಆಳುತ್ತಿದ್ದ ಆಸ್ಟ್ರಿಯಾ, ಹಂಗೇರಿ, ಬೊಹೀಮಿಯಾಗಳ ಲಾಂಛನಗಳೂ ಇವೆ. ಇದೆಲ್ಲ ಕೆಳಗಿನಿಂದಲೇ ಕಾಣುತ್ತದೆ, ಸುಮ್ನೆ ಒಂದು ಸುತ್ತು ಹಾಕಿದರೆ ಸಾಕು. ಕೆಲಸ ಮುಗಿದದ್ದು 1693ರಲ್ಲಿ. ಆಮೇಲೆ ಆ ಸಾಮ್ರಾಜ್ಯದ ಎಷ್ಟೋ ಊರುಗಳು ಇಂಥ ಕಂಬ ನಿಲ್ಲಿಸಿದವು, 1723ರಲ್ಲಿ ಲಿಂಟ್ಸ್ ಕೂಡ. ನಮಸ್ಕಾರ.