ಹರಿದ ಸ್ಪೀಕರ್, ಕೆಟ್ಟ ಗಂಟಲು

ಹೋದ ವಾರ ಮನೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡುತ್ತಿದ್ದೆ. ಹನ್ನೊಂದನೇ ಟೇಕ್. ಅಂತೂ ಇಂತೂ ಸರಿಯಾಗಿ ಬಂತು ಅನ್ನುವಷ್ಟರಲ್ಲಿ ಕುಕ್ಕರ್ ಕೂಗಿತು. ಸಿಟ್ಟು ಬಂದು ಅಳಿಸಿಬಿಟ್ಟೆ. ಆಮೇಲೆ ಮತ್ತೆ ಮತ್ತೆ ಹಾಡಿ, ಒಂದೊಂದು ಸಾಲನ್ನು ಒಂದೊಂದು ಟೇಕ್‌ನಿಂದ ಕತ್ತರಿಸಿ ಅಂಟಿಸಿ, ಶ್ರುತಿ ತಿದ್ದುವ ಸಾಫ್ಟ್‌ವೇರನ್ನೂ ಹಾಕಿ ಮುಗಿಸಿದೆ. ಅಮ್ಮ ಕೇಳಿ ಹೇಳಿದ್ದು ಒಂದೇ ಮಾತು: "ಕುಕ್ಕರ್ ಕೂಗಿದಾಗ ಹಾಡಿದ್ದೇ ಚೆನ್ನಾಗಿತ್ತಲ್ಲೋ."

ಸರಿಯಾಗೇ ಹೇಳಿದರು. ಅದಕ್ಕೇ ಇವತ್ತಿನ ಮಾತು ಇದು. ನಾವೆಲ್ಲ "ಆ ಹಳೇ ರಾಕ್ ಸೌಂಡ್ ಬೇಕು" ಅಂತ ದುಡ್ಡು ಸುರಿದು ಪ್ಲಗಿನ್ (ಸದ್ದು ಬದಲಿಸುವ ಪುಟ್ಟ ಸಾಫ್ಟ್‌ವೇರ್) ತರುತ್ತೇವೆ, ಅಲ್ವಾ? ಆ ಸೌಂಡ್ ಎಷ್ಟೋ ಸಲ ಕೆಟ್ಟುಹೋದ ಸಾಮಾನಿನಿಂದ ಬಂದದ್ದು. ಕೆಟ್ಟರೂ ಪರವಾಗಿಲ್ಲ, ಇರಲಿ ಅಂದವರೊಬ್ಬರು ಅಲ್ಲಿದ್ದರು, ಅಷ್ಟೇ.

1951, ಅಮೆರಿಕದ ಮೆಂಫಿಸ್. ಸ್ಯಾಮ್ ಫಿಲಿಪ್ಸ್ ಅವರ ಪುಟ್ಟ ಸ್ಟುಡಿಯೋ. ಐಕ್ ಟರ್ನರ್ ತಂಡ 'ರಾಕೆಟ್ 88' ರೆಕಾರ್ಡ್ ಮಾಡಲು ಬಂದಿದೆ. ದಾರಿಯಲ್ಲಿ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್‌ಗೆ ಪೆಟ್ಟಾಗಿ ಸ್ಪೀಕರ್ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಹರಿದುಹೋಗಿದೆ. ಬೇರೆ ಯಾರಾದರೂ ಆಗಿದ್ದರೆ ನಾಳೆ ಬನ್ನಿ ಅನ್ನುತ್ತಿದ್ದರು. ಫಿಲಿಪ್ಸ್ ಒಳಗೆ ಕಾಗದ ತುರುಕಿಸಿ, ಆಗ ಹೊರಟ ಬುಸುಬುಸು ಅನ್ನುವ ದನಿಯನ್ನು ಮುಚ್ಚಿಡುವ ಬದಲು ಜೋರಾಗೇ ಕೇಳಿಸಿದರು. ಹದಿಮೂರು ವರ್ಷ ಆದಮೇಲೆ ಲಂಡನ್ನಿನಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಅಂಥದ್ದೇ ದನಿಗಾಗಿ ಬ್ಲೇಡ್ ಹಿಡಿದು ತನ್ನ ಚಿಕ್ಕ ಆಂಪ್‌ನ ಸ್ಪೀಕರನ್ನು ತಾನೇ ಸೀಳಿದ. 'ಯೂ ರಿಯಲಿ ಗಾಟ್ ಮಿ' ಹಾಡಿನ ಗಿಟಾರ್ ಅದೇ. ನಾನಂತೂ ನನ್ನ ಆಂಪ್‌ಗೆ ಬ್ಲೇಡ್ ಹಾಕಲ್ಲ, ಇನ್ನೂ ಕಂತು ಕಟ್ಟುತ್ತಿದ್ದೇನೆ.

ಈಗ ಗಂಟಲಿನ ವಿಷಯ. 1963ರ ಫೆಬ್ರವರಿ 11, ಲಂಡನ್ನಿನ ಆಬಿ ರೋಡ್‌ನ ಇಎಂಐ ಸ್ಟುಡಿಯೋ. ಬೀಟಲ್ಸ್ ತಂಡದವರು ತಮ್ಮ ಮೊದಲ ಆಲ್ಬಮ್‌ಗೆ ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದರು. ಟೇಪಿನಲ್ಲಿ ಇದ್ದದ್ದು ಎರಡೇ ಟ್ರ್ಯಾಕ್, ಅಂದರೆ ಸದ್ದನ್ನು ಬೇರೆಬೇರೆಯಾಗಿ ಹಿಡಿದಿಡುವ ಎರಡೇ ಪಟ್ಟಿ. ಒಂದರಲ್ಲಿ ಗಿಟಾರ್, ಬಾಸ್, ಡ್ರಮ್ಸ್ ಎಲ್ಲ ಒಟ್ಟಿಗೆ, ಇನ್ನೊಂದರಲ್ಲಿ ಹಾಡು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುವುದರಿಂದ ಗಿಟಾರಿನ ಸದ್ದು ಹಾಡುವವನ ಮೈಕಿಗೂ ಹೋಗುತ್ತದೆ, ಹಾಗಾಗಿ ಆಮೇಲೆ ಬರೀ ದನಿಯನ್ನು ಎತ್ತಿ ಇನ್ನೊಂದು ದನಿ ಇಡುತ್ತೇನೆ ಅಂದರೆ ಆಗದ ಮಾತು. ತಪ್ಪಾದರೆ ಎಲ್ಲರೂ ಮತ್ತೆ ಮೊದಲಿಂದ ನುಡಿಸಬೇಕು. ಅಥವಾ ಟೇಪನ್ನೇ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಬೇಕು.

ತಂಡದ ಹಾಡುಗಾರ ಜಾನ್ ಲೆನನ್‌ಗೆ ಅವತ್ತು ಜೋರು ನೆಗಡಿ. ಬೆಳಿಗ್ಗೆಯಿಂದ ಗಂಟಲಿಗೆ ಮಾತ್ರೆ ಚಪ್ಪರಿಸುತ್ತಾ ಹಾಡಿದ್ದಾನೆ. ಎಲ್ಲಕ್ಕಿಂತ ಜಾಸ್ತಿ ಗಂಟಲು ಹರಿಯುವ 'ಟ್ವಿಸ್ಟ್ ಅಂಡ್ ಶೌಟ್' ಅನ್ನು ಬೇಕಂತಲೇ ಕೊನೆಗೆ ಇಟ್ಟಿದ್ದರು. ರಾತ್ರಿ ಹತ್ತರ ಹೊತ್ತಿಗೆ ಹಾಡಿದ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಇನ್ನೊಂದು ಟೇಕ್‌ಗೆ ಪ್ರಯತ್ನಪಟ್ಟರು, ದನಿಯೇ ಹೊರಡಲಿಲ್ಲ. ನಾವು ಇವತ್ತಿಗೂ ಕೇಳುವುದು ಆ ಮೊದಲನೆಯದನ್ನೇ. ತಮಾಷೆ ಏನೆಂದರೆ, ಇದಕ್ಕಿಂತ ಚೆನ್ನಾಗಿ ಹಾಡಬಲ್ಲೆ ಅಂತ ಲೆನನ್‌ಗೆ ಅದರ ಬಗ್ಗೆ ನಾಚಿಕೆಯೇ ಇತ್ತು. ಅವನ ಕೈಗೆ ಇವತ್ತಿನ ಸಾಫ್ಟ್‌ವೇರ್ ಸಿಕ್ಕಿದ್ದರೆ? ಆ ಕರಕರ ದನಿ ಉಳಿಯುತ್ತಿತ್ತು ಅಂತ ನನಗನ್ನಿಸಲ್ಲ.

ಹಾಗಂತ ಬೇಸುರಾಗಿ ಹಾಡಿ "ಇದು ಫೀಲ್ ಕಣ್ರೀ" ಅಂತ ಸುಮ್ನೆ ಬಿಡಬೇಡಿ. ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಗಂಟೆಗಟ್ಟಲೆ ನುಡಿಸಿ ಪಳಗಿದವರು ಬೀಟಲ್ಸ್. ಗಂಟಲು ಕೈಕೊಟ್ಟರೂ ತಾಳ ಒಂದು ಕೂದಲೆಳೆ ಅಲ್ಲಾಡಲಿಲ್ಲ.

ಸರಿ, ತಾಳವೂ ತಪ್ಪಿದ್ದು ಬೇಕಾ? ಅದೇ 1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕಿಂಗ್ಸ್‌ಮೆನ್ ಅನ್ನುವ ಹುಡುಗರು 'ಲೂಯಿ ಲೂಯಿ' ರೆಕಾರ್ಡ್ ಮಾಡಿದರು. ಹಾಡುವ ಜ್ಯಾಕ್ ಈಲಿಯ ಹಲ್ಲಿಗೆ ಕ್ಲಿಪ್ಪು. ಮೈಕು ತಲೆಗಿಂತ ಎಷ್ಟೋ ಮೇಲೆ ನೇತಾಡುತ್ತಿದೆ. ಪಾಪ, ಕತ್ತು ಎತ್ತಿ ಅದರತ್ತ ಕೂಗಿದ್ದಾನೆ. ಒಂದು ಪದವೂ ಅರ್ಥ ಆಗಲ್ಲ, ಅಶ್ಲೀಲ ಏನಾದರೂ ಇದೆಯಾ ಅಂತ ಎಫ್‌ಬಿಐನವರೇ ತನಿಖೆ ಮಾಡಿ ಅರ್ಥವಾಗದೆ ಕೈಬಿಟ್ಟರು! ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 2ನೇ ಸ್ಥಾನಕ್ಕೆ ಹೋಯಿತು. ಇವತ್ತು ರಾತ್ರಿ ಹೆಡ್‌ಫೋನ್ ಹಾಕಿ ಕೇಳಿ. ಗಿಟಾರ್ ಸೋಲೋ ಮುಗಿದ ಮೇಲೆ ಕಿವಿ ಕೊಡಿ. ಈಲಿ ಅವಸರಪಟ್ಟು ಮೊದಲೇ ಬಾಯಿ ಹಾಕುತ್ತಾನೆ, ತಪ್ಪು ಗೊತ್ತಾಗಿ ಗಪ್ಪನೆ ನಿಲ್ಲಿಸುತ್ತಾನೆ, ಹಿಂದಿನಿಂದ ಡ್ರಮ್ಮರ್ ದಡದಡ ಬಾರಿಸಿ ಆ ಜಾಗ ತುಂಬಿಸುತ್ತಾನೆ.